ಕೀಮೋ ಬೇಕೇ? ಮೇಣದ ಬಿಲ್ಲೆಯನ್ನು ಕೇಳಿ

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರ ಕೈಚೀಲದಲ್ಲಿ ರಿಪೋರ್ಟುಗಳ ಜೊತೆ ಪುಟ್ಟದೊಂದು ಡಬ್ಬಿಯೂ ಇರುತ್ತದೆ. ಒಳಗೆ ಗಾಜಿನ ಸ್ಲೈಡುಗಳು, ಗಡ್ಡೆಯ ಚೂರನ್ನು ಹುದುಗಿಸಿಟ್ಟ ಮೇಣದ ಬಿಲ್ಲೆ. ಲ್ಯಾಬಿನವರ ಬಾಯಲ್ಲಿ ಅದು ‘ಬ್ಲಾಕ್’. ಸ್ತನ ಕ್ಯಾನ್ಸರಿಗೆ ಆಪರೇಷನ್ ಆದಮೇಲೆ ಕೀಮೋ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹೊರಟದ್ದು ಇಂಥ ಬಿಲ್ಲೆಗಳಿಂದಲೇ.

2000ದ ನವೆಂಬರಿನಲ್ಲಿ ಅಮೆರಿಕದಲ್ಲಿ ಸೇರಿದ ತಜ್ಞರ ಸಭೆ, ಕಂಕುಳಿನ ಗಂಟಿಗೆ ಹರಡಿರಲಿ ಬಿಡಲಿ, ಬಹುತೇಕ ಹೆಂಗಸರಿಗೆ ಕೀಮೋ ಕೊಡಿ ಎಂದಿತು. ಹಾರ್ಮೋನು ತಡೆಯುವ ಮಾತ್ರೆಯೇ ಎಷ್ಟೋ ಮಂದಿಗೆ ಸಾಕೆಂದು ವೈದ್ಯರಿಗೂ ಗೊತ್ತಿತ್ತು. ಯಾರಿಗೆ ಸಾಕು ಎಂಬುದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲರ ಕೂದಲೂ ಉದುರಿತು.

ಹೊಸ ಪರೀಕ್ಷೆ ಕಂಡುಹಿಡಿದು, ಅದು ಸರಿಯೇ ಎಂದು ತಿಳಿಯಲು ಹತ್ತು ವರ್ಷ ಕಾಯುವುದು ಯಾರಿಗೆ ಬೇಕು? ಪಿಟ್ಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಸೂನ್‌ಮ್ಯುಂಗ್ ಪೈಕ್ ಹಿಂದಕ್ಕೆ ಹೋದರು. ಹಾರ್ಮೋನು ತಡೆಯುವ ಟಾಮಾಕ್ಸಿಫೆನ್ ಮಾತ್ರೆಯ ಮೇಲೆ 1982ರಲ್ಲಿ ಶುರುವಾದ ಪ್ರಯೋಗದ ಬಿಲ್ಲೆಗಳು ಭದ್ರವಾಗಿದ್ದವು. ಯಾರು ಚೆನ್ನಾಗಿದ್ದರು, ಯಾರಿಗೆ ರೋಗ ಮರಳಿತು ಎಂಬ ಲೆಕ್ಕವೂ ಇತ್ತು. ತೊಡಕು ಒಂದೇ. ಫಾರ್ಮಲಿನ್‌ನಲ್ಲಿ ನೆಂದ ಆರ್‌ಎನ್‌ಎ ಚೂರುಚೂರಾಗಿರುತ್ತದೆ. ಕ್ಯಾಲಿಫೋರ್ನಿಯಾದ ಜೀನೋಮಿಕ್ ಹೆಲ್ತ್ ಕಂಪನಿ ಆ ಚೂರುಗಳನ್ನೇ ಎಣಿಸುವ ದಾರಿ ಹುಡುಕಿತು. 250 ಜೀನ್‌ಗಳನ್ನು ಜರಡಿ ಹಿಡಿದಾಗ 21 ಉಳಿದವು: 16 ಕ್ಯಾನ್ಸರಿನವು, 5 ಹೋಲಿಕೆಗೆ. ಅವುಗಳ ಲೆಕ್ಕದಿಂದ ಪ್ರತಿ ಗಡ್ಡೆಗೂ ಒಂದು ಅಂಕ.

668 ಬಿಲ್ಲೆಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎಲ್ಲರೂ ನುಂಗಿದ್ದು ಅದೇ ಮಾತ್ರೆ. ಆದರೂ 18ಕ್ಕಿಂತ ಕಡಿಮೆ ಅಂಕದವರಲ್ಲಿ ಹತ್ತು ವರ್ಷದೊಳಗೆ ರೋಗ ದೇಹದ ಬೇರೆಡೆ ಮರುಕಳಿಸಿದ್ದು ಶೇ 6.8 ಮಂದಿಗೆ, 31 ಮುಟ್ಟಿದವರಲ್ಲಿ ಶೇ 30.5. ಆಂಕೋಟೈಪ್ ಡಿಎಕ್ಸ್ ಪರೀಕ್ಷೆ ಹುಟ್ಟಿದ್ದು ಹೀಗೆ. (ನಟಿ ಆಂಜೆಲಿನಾ ಜೋಲಿ ಮಾಡಿಸಿಕೊಂಡ ಜೀನ್ ಪರೀಕ್ಷೆ ಬೇರೆ. ಅದು ಹುಟ್ಟಿನಿಂದ ಬಂದ ದೋಷ ಹುಡುಕುವ ಪರೀಕ್ಷೆ. ಇದು ಗಡ್ಡೆಯೊಳಗಿನ ಜೀನ್‌ಗಳ ಚುರುಕನ್ನು ಅಳೆಯುತ್ತದೆ. ಅದೂ ಈಆರ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದವರಿಗೆ, ಎಂದರೆ ಗಡ್ಡೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ, ಹರ್-2 ಪ್ರೋಟೀನು ಹೆಚ್ಚಿಲ್ಲದವರಿಗೆ ಮಾತ್ರ.)

ನಡುವಣ ಅಂಕದವರು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಅವರಿಗಾಗಿ 2006ರಲ್ಲಿ ಟೈಲರ್‌ಎಕ್ಸ್ ಪ್ರಯೋಗ ಆರಂಭವಾಯಿತು. ಸೇರಿದವರು 10,273 ಹೆಂಗಸರು, ಉತ್ತರ ಸಿಕ್ಕಿದ್ದು 2018ರಲ್ಲಿ. ಈ ಪ್ರಯೋಗ ನಡುವಣದ್ದೆಂದು ಹಿಡಿದ 11ರಿಂದ 25 ಅಂಕದವರಲ್ಲಿ ಕೀಮೋ ಪಡೆದವರು, ಪಡೆಯದವರು ಎಂಬ ಭೇದವಿಲ್ಲದೆ, ಒಂಬತ್ತು ವರ್ಷದ ನಂತರ ಶೇ 94ರಷ್ಟು ಮಂದಿ ಬದುಕಿದ್ದರು.

ನಮ್ಮ ಬಿಲ್ಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರಲು ಲಕ್ಷಗಟ್ಟಲೆ ರೂಪಾಯಿ ಬೇಕು. ಬೆಂಗಳೂರಿನ ಆಂಕೋಸ್ಟೆಮ್‌ನಲ್ಲಿ ಮಂಜಿರಿ ಬಾಕ್ರೆ ತಂಡ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅದಕ್ಕಿಂತ ಅಗ್ಗ. ಅದು ಜೀನ್ ಎಣಿಸುವುದಿಲ್ಲ; ಐದು ಪ್ರೋಟೀನುಗಳಿಗೆ ಬಣ್ಣ ಹಾಕಿ, ಗಡ್ಡೆಯ ಗಾತ್ರ, ಗ್ರೇಡು, ಗಂಟುಗಳ ವಿವರ ಸೇರಿಸಿ ಕಂಪ್ಯೂಟರಿನಿಂದ ಅಂಕ ತೆಗೆಯುತ್ತದೆ. ಟೈಲರ್‌ಎಕ್ಸ್‌ನಷ್ಟು ದೊಡ್ಡ ಪ್ರಯೋಗದ ಬೆಂಬಲ ಇದಕ್ಕಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ.

ಅಮೆರಿಕದ ಅಂಕವೂ ಎಲ್ಲರಿಗೂ ಒಂದೇ ಮಾತು ಹೇಳುವುದಿಲ್ಲ. ಟೈಲರ್‌ಎಕ್ಸ್‌ನಲ್ಲೇ ಐವತ್ತರೊಳಗಿನವರಿಗೆ 16ರಿಂದ 25 ಬಂದರೆ ಕೀಮೋದಿಂದ ಕೊಂಚ ಲಾಭ ಕಂಡಿತ್ತು. ಔಷಧಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದರಿಂದಲೋ, ಅಂಡಾಶಯಕ್ಕೆ ಪೆಟ್ಟು ಬಿದ್ದು ಮುಟ್ಟು ನಿಂತದ್ದರಿಂದಲೋ? ಎರಡನೆಯದೇ ನಿಜವಾದರೆ ಅಂಡಾಶಯವನ್ನು ಸುಮ್ಮನಾಗಿಸುವ ಇಂಜೆಕ್ಷನ್ ಸಾಕಾದೀತು. ಅದಿನ್ನೂ ಇತ್ಯರ್ಥವಾಗಿಲ್ಲ. ನಲವತ್ತೈದರ ಹೆಂಗಸು 20 ಎಂದು ಅಚ್ಚಾದ ಕಾಗದ ಹಿಡಿದು ಬಂದಾಗ ಡಾಕ್ಟರು ಕಾಗದವನ್ನು ಬದಿಗಿಟ್ಟು, ‘ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮಾ?’ ಎಂದು ಮಾತು ಶುರುಮಾಡುತ್ತಾರೆ.