ಪಂಪ್ ರೂಮಿನ ಕಿವಿ

ಚಿತ್ರದುರ್ಗದ ಹೊರಗೆ, ಹೆದ್ದಾರಿ ಬದಿಯ ಗ್ಯಾರೇಜು. ಹಳೆಯ ಆರು ಚಕ್ರದ ಲಾರಿಯೊಂದು ನ್ಯೂಟ್ರಲ್‌ನಲ್ಲಿ ನಿಂತಿದೆ. ಎಕ್ಸಲರೇಟರ್ ಯಾರೂ ಮುಟ್ಟಿಲ್ಲ. ಆದರೂ ಇಂಜಿನ್ ತಾನಾಗಿ ಗುರ್ರೆಂದು ಏರುತ್ತದೆ, ಇನ್ನೇನು ಆಫ್ ಆಯಿತು ಅನ್ನುವಷ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಗೇರ್ ಲಿವರ್ ಅದಕ್ಕೆ ತಕ್ಕಂತೆ ತಲೆಯಾಡಿಸುತ್ತಿದೆ. ‘ಪಂಪು ಹೋಗಿದೆ ಮೇಸ್ತ್ರಿ, ಇಳಿಸಿಬಿಡಿ’ ಎನ್ನುತ್ತಾನೆ ಡ್ರೈವರ್. ಮೇಸ್ತ್ರಿ ಪಂಪಿನ ಕಡೆ ನೋಡುವುದೇ ಇಲ್ಲ. ‘ಡೀಸೆಲ್ ಫಿಲ್ಟರ್ ಯಾವಾಗ ಹಾಕ್ಸಿದ್ದು?’

‘ನಿನ್ನೆ.’

‘ಹಂಗಾದ್ರೆ ಪಂಪು ಇರ್ಲಿ ಬಿಡು.’

ಪಂಪ್ ರೂಮು ಎಂದರೆ ಗ್ಯಾರೇಜಿನೊಳಗಿನ ಗರ್ಭಗುಡಿ. ಹೊರಗೆ ಗ್ರೀಸು, ಮಣ್ಣು. ಒಳಗೆ ಧೂಳು ಬರದಂತೆ ಮುಚ್ಚಿದ ಬಾಗಿಲು, ಟ್ರೇಯಲ್ಲಿ ಶುದ್ಧ ಡೀಸೆಲ್‌ನಲ್ಲಿ ಮುಳುಗಿಸಿಟ್ಟ ಬಿಡಿಭಾಗಗಳು. ಇಷ್ಟು ಮಡಿ ಯಾಕೆಂದರೆ, ಇಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಈ ಪಂಪಿನ ಪ್ಲಂಜರಿಗೂ ಅದು ಓಡಾಡುವ ಬ್ಯಾರೆಲ್‌ಗೂ ನಡುವೆ ಇರುವ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಒಂದರ ಪ್ಲಂಜರ್ ಇನ್ನೊಂದರ ಬ್ಯಾರೆಲ್‌ಗೆ ಒಗ್ಗುವುದಿಲ್ಲ. ಜೋಡಿ ತಪ್ಪಿದರೆ ಕೆಲಸ ಕೆಟ್ಟಿತು.

ಸಾಲು ಪ್ಲಂಜರುಗಳ ಈ ಪಂಪನ್ನು ಜರ್ಮನಿಯ ಬಾಷ್ ಕಂಪನಿ ಕಾರ್ಖಾನೆಯಲ್ಲಿ ಸರಣಿಯಾಗಿ ತಯಾರಿಸತೊಡಗಿದ್ದು 1927ರಲ್ಲಿ. ನಮ್ಮಲ್ಲಿ ಅದರ ಹೆಸರು ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಲಾರಿಯವರ ಬಾಯಲ್ಲಿ ಅದು ಇಂದಿಗೂ ‘ಮೈಕೋ ಪಂಪು’.

ಗಾಡಿ ನಿಂತಿದ್ದಾಗ ಓಡುವ ಇಂಜಿನ್ನಿನ ತೊಂದರೆಯಲ್ಲಿ ಎರಡು ಜಾತಿ. ಒಂದು ‘ಮಿಸ್ಸಿಂಗ್’: ಕುಂಟನ ನಡಿಗೆಯ ಹಾಗೆ, ನಿಯಮಿತವಾಗಿ ಒಂದು ಹೆಜ್ಜೆ ತಪ್ಪುವ ಸದ್ದು. ಇದರಲ್ಲಿ ತಪ್ಪು ಸಾಮಾನ್ಯವಾಗಿ ಒಂದೇ ಸಿಲಿಂಡರಿನದು. ಮೇಸ್ತ್ರಿ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಸಡಿಲಿಸಿದಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ಸಿಕ್ಕಿತು ಕಳ್ಳ. ಆ ನಾಜಲನ್ನು ಕೈಪಂಪಿನ ಟೆಸ್ಟರ್‌ಗೆ ಹಾಕಿ ಒತ್ತಿದಾಗ ಮಂಜಿನಂತೆ ಚಿಮ್ಮಬೇಕು. ತುದಿಯಲ್ಲಿ ಹನಿ ತೊಟ್ಟಿಕ್ಕಿದರೆ ಅದರ ಕಥೆ ಮುಗಿಯಿತು. ಗ್ಯಾರೇಜಿನ ಹುಡುಗ ಬೆರಳೊಡ್ಡಲು ಹೋದರೆ ಬೈಗುಳ ಬೀಳುತ್ತದೆ. ಆ ಒತ್ತಡದ ಡೀಸೆಲ್ ಚರ್ಮ ಸೀಳಿಕೊಂಡು ಒಳಗೇ ಹೋಗುತ್ತದೆ.

ಇನ್ನೊಂದು ಜಾತಿ ‘ಹಂಟಿಂಗ್’, ಅಂದರೆ ಇಡೀ ಇಂಜಿನ್ನೇ ಉಯ್ಯಾಲೆಯಾಡುವುದು. ಇಲ್ಲಿ ಕೈವಾಡ ಇಂಜಿನ್ನಿನ ವೇಗ ಕಾಯುವ ಗವರ್ನರ್‌ದು. ಪೆಟ್ರೋಲ್ ಗಾಡಿಯ ಹಾಗೆ ಗಾಳಿಯನ್ನು ಅದುಮಿ ಹಿಡಿಯುವ ಏರ್ಪಾಡು ಡೀಸೆಲ್ ಇಂಜಿನ್ನಿಗೆ ಸಾಮಾನ್ಯವಾಗಿ ಇಲ್ಲ. ಎಷ್ಟು ಎಣ್ಣೆ ಬಿಡಬೇಕೆಂಬುದೊಂದೇ ಹಿಡಿತ. ವೇಗ ಏರಿದರೆ ಗವರ್ನರಿನ ತೂಕಗಳು ಹೊರಕ್ಕೆ ಚಾಚಿ ಎಣ್ಣೆ ತಗ್ಗಿಸುತ್ತವೆ, ಇಳಿದರೆ ಒಳಕ್ಕೆ ಬಂದು ಹೆಚ್ಚಿಸುತ್ತವೆ. ಲಿಂಕು ಸವೆದಿದ್ದರೆ, ಎಣ್ಣೆಯ ಅಳತೆ ಬದಲಿಸುವ ರ‍್ಯಾಕು ಅಂಟಿಕೊಂಡಿದ್ದರೆ, ಈ ತಿದ್ದುಪಡಿ ಒಂದು ಕ್ಷಣ ತಡವಾಗುತ್ತದೆ. ತಡವಾಗಿ ಬಂದದ್ದು ಅತಿಯಾಗಿಯೂ ಬರುತ್ತದೆ. ಗವರ್ನರುಗಳು ಹೀಗೆ ಯಾಕೆ ತೂಗಾಡುತ್ತವೆಂದು ಗಣಿತದಲ್ಲಿ ಬಿಡಿಸಿಟ್ಟವನು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, 1868ರಲ್ಲಿ. ಡೀಸೆಲ್ ಇಂಜಿನ್ ಆಗಿನ್ನೂ ಹುಟ್ಟಿರಲಿಲ್ಲ.

ಆದರೆ ಗವರ್ನರಿನ ತಲೆಗೆ ಕಟ್ಟುವ ತಪ್ಪುಗಳಲ್ಲಿ ಎಷ್ಟೋ ಅದರದ್ದಲ್ಲ. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೂ ಇಂಜಿನ್ ಹೀಗೇ ಕುಣಿಯುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಎಳೆತದಲ್ಲಿ ಬರುವುದರಿಂದ ಅಲ್ಲಿ ಸಂದಿದ್ದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಒದ್ದೆ ಜಾಗ ಹುಡುಕುವವನಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಮೇಸ್ತ್ರಿ ಫೀಡ್ ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತರು. ಡೀಸೆಲ್‌ನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು, ಒಂದರ ಹಿಂದೊಂದು.

ಫಿಲ್ಟರ್ ಬಿಚ್ಚಿದವನು ಫೀಡ್ ಪಂಪಿಗೆ ಬರುವ ಪೈಪಿನ ಬೋಲ್ಟನ್ನೂ ಬಿಚ್ಚಿ, ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ, ಎರಡನೇ ಸಲ ಸಂದು ತುಂಬುವುದಿಲ್ಲ. ಹೊಸದಿಲ್ಲದಿದ್ದರೆ ಕೆಂಪಗೆ ಕಾಯಿಸಿದರಾಯಿತು, ಮೆತ್ತಗಾಗುತ್ತದೆ. ಹೊಸ ವಾಷರ್ ಕೂತಿತು. ಹ್ಯಾಂಡ್ ಪ್ರೈಮರ್ ಒತ್ತಿದಂತೆ ಬ್ಲೀಡ್ ಸ್ಕ್ರೂನಿಂದ ಮೊದಲು ನೊರೆ, ಆಮೇಲೆ ಬರಿ ಡೀಸೆಲ್.

ಹಾಗಂತ ಪಂಪು ಇಳಿಸುವ ದಿನ ಬರುವುದೇ ಇಲ್ಲವೆಂದಲ್ಲ. ಇಳಿಸಿದರೆ ಟೆಸ್ಟ್ ಬೆಂಚಿನ ಮೇಲೆ ಒಂದೊಂದು ಲೈನಿನ ಎಣ್ಣೆಯನ್ನೂ ಗಾಜಿನ ಕೊಳವೆಯಲ್ಲಿ ಹಿಡಿದು ಅಳೆಯುತ್ತಾರೆ. ಸ್ಲೋ ಸ್ಪೀಡಿನಲ್ಲಿ ಬೀಳುವ ಎಣ್ಣೆಯೇ ಚೂರೇ ಚೂರು; ಅಲ್ಲಿ ತುಸು ವ್ಯತ್ಯಾಸವಾದರೂ ಇಂಜಿನ್ ನಡುಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ನಿಯಮದ ಲಾರಿಗಳಲ್ಲಿ ಈ ಲೆಕ್ಕವನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅವು ಈ ಬಾಗಿಲಿಗೆ ಬರುವುದು ಕಡಿಮೆ.

ಗೇರ್ ಲಿವರ್ ಈಗ ಸುಮ್ಮನೆ ನಡುಗುತ್ತ ನಿಂತಿದೆ. ‘ಪಂಪು ಬಿಚ್ಚೇ ಇಲ್ಲ, ಇಷ್ಟು ದುಡ್ಡಾ?’ ಎಂದು ಡ್ರೈವರ್ ತಕರಾರು ತೆಗೆದ. ಮೇಸ್ತ್ರಿ ಹಳೆಯ ವಾಷರನ್ನು ಅವನ ಅಂಗೈಗೆ ಹಾಕಿದರು. ‘ವಾಷರ್‌ಗೆ ಕಾಸು ಬೇಡ. ಬಿಚ್ಚದೇ ಇದ್ದಿದ್ದಕ್ಕೆ ಕೊಡು.’