ವಿಚ್ಛೇದನವೂ ಮೊಬೈಲು ನಂಬರೂ

ದಾಂಪತ್ಯವು ಮುರಿದಾಗ ಮನೆ, ಒಡವೆ, ಪಾತ್ರೆ ಪದಾರ್ಥಗಳ ವಿಭಾಗವನ್ನು ಕುರಿತು ಹಿರಿಯರೂ ವಕೀಲರೂ ಬಹುವಾಗಿ ಚರ್ಚಿಸುವುದುಂಟು. ಮಕ್ಕಳು ಯಾರ ಬಳಿ ಇರತಕ್ಕದ್ದು, ಜೀವನಾಂಶವೆಷ್ಟು ಎಂಬುದೂ ಕಾಗದಕ್ಕೇರುತ್ತದೆ. ಆದರೆ ಮೊಬೈಲಿನ ಹತ್ತು ಅಂಕೆಗಳ ಮಾತನ್ನೆತ್ತುವವರು ವಿರಳ. ತೀರ್ಪು ಕೈಗೆ ಬಂದ ಮೇಲೂ ಎಷ್ಟೋ ಮಂದಿಯನ್ನು ಹಳೆಯ ನಂಟಿಗೆ ಕಟ್ಟಿಹಾಕುವುದು ಆ ಅಂಕೆಗಳೇ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ವಿಚ್ಛೇದನದ ವಿಚಾರವು ನಮ್ಮ ನಾಡಿಗೆ ಹೊಸತಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಯೋಲೆಗಳಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪರಸ್ಪರ ದ್ವೇಷಿಸುವ ದಂಪತಿಗಳ ಬಿಡುಗಡೆಗೆ ಮೋಕ್ಷವೆಂಬ ಹೆಸರಿದೆ. ಧರ್ಮವಿವಾಹಗಳಿಗೆ ಮಾತ್ರ ಆತನು ಅದನ್ನು ಒಪ್ಪಿಲ್ಲ. ಗಮನಿಸತಕ್ಕ ಅಂಶವೆಂದರೆ, ಮೋಕ್ಷವನ್ನು ಹೇಳಿದೊಡನೆಯೇ, ತೆಗೆದುಕೊಂಡ ವಸ್ತುವನ್ನು ಯಾವಾಗ ಹಿಂದಿರುಗಿಸಬೇಕು, ಯಾವಾಗ ಬೇಡ ಎಂಬುದನ್ನೂ ಆತನು ವಿಧಿಸಿದ್ದಾನೆ. ಬಂಧವು ಬಿಟ್ಟರೆ ಸಾಲದು, ಲೆಕ್ಕವೂ ತೀರಬೇಕೆಂಬುದು ಇದರ ತಾತ್ಪರ್ಯ. ಇಂದಿನ ಹಿಂದೂ ವಿವಾಹ ಕಾಯಿದೆಯು 1955ರದು. ಉಭಯಸಮ್ಮತಿಯ ವಿಚ್ಛೇದನವನ್ನು ಹೇಳುವ 13-ಬಿ ಕಲಮು ಅದಕ್ಕೆ 1976ರಲ್ಲಿ ಸೇರಿತು.

ನಿದರ್ಶನಕ್ಕಾಗಿ ನಮ್ಮ ಬಟವಾಡಿಯಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮದುವೆಯಾದ ಹೊಸದರಲ್ಲಿ ಗಂಡನು ತನ್ನ ಹೆಸರಿನಲ್ಲಿಯೇ ಎರಡು ಸಿಮ್ಮುಗಳನ್ನು ಕೊಂಡು ಒಂದನ್ನು ಹೆಂಡತಿಗೆ ಕೊಟ್ಟನು. ಅನಂತರ ಎರಡನ್ನೂ ಒಂದೇ ಕುಟುಂಬ ಯೋಜನೆಗೆ ಸೇರಿಸಿ, ತಿಂಗಳ ಬಿಲ್ಲನ್ನು ತಾನೇ ಕಟ್ಟುತ್ತ ಬಂದನು. ಆಗ ಅದು ಪ್ರೀತಿಯ ಕುರುಹು. ಹತ್ತು ವರ್ಷಗಳಲ್ಲಿ ಆಕೆಯ ಬ್ಯಾಂಕು, ಆಧಾರ್, ಅಡುಗೆ ಅನಿಲ, ಮಗುವಿನ ಶಾಲೆ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣದ ಸುದ್ದಿ, ಎಲ್ಲವೂ ಆ ನಂಬರಿಗೇ ಹೊಂದಿಕೊಂಡವು. ಈಗ ಇಬ್ಬರೂ ಬೇರೆಯಾಗಿದ್ದಾರೆ. ನಂಬರು ಆಕೆಯ ಕೈಯಲ್ಲಿದೆ, ಆದರೆ ಕಂಪನಿಯ ದಫ್ತರದಲ್ಲಿ ಅದು ಆತನದು. ಆತನು ಬೇಕೆಂದರೆ ಅದನ್ನು ನಿಲ್ಲಿಸಬಹುದು. ಬದಲಿ ಸಿಮ್ಮನ್ನು ಪಡೆದನೆಂದರೆ, ಜನರು ಓಟಿಪಿ ಎನ್ನುವ ಗುಪ್ತಸಂಖ್ಯೆ ಆತನ ಕೈಸೇರುವುದು. ಆತನಿಗೂ ಕ್ಷೇಮವಿಲ್ಲ, ಬಿಲ್ಲಿನ ಬಾಕಿಯೂ, ಆ ನಂಬರಿನಿಂದ ಆಗಬಹುದಾದ ತಪ್ಪಿನ ವಿಚಾರಣೆಯೂ ಆತನ ಬಾಗಿಲಿಗೇ ಬರುತ್ತವೆ.

ಕಂಪನಿಯನ್ನು ಬದಲಾಯಿಸಿದರೆ ಸರಿಹೋಯಿತೆಂದು ಹಲವರು ತಿಳಿದಿದ್ದಾರೆ. ನಂಬರನ್ನು ಉಳಿಸಿಕೊಂಡು ಕಂಪನಿಯನ್ನು ಬಿಡುವ ಸೌಕರ್ಯವು 2011ರ ಜನವರಿ 20ರಿಂದ ದೇಶದಲ್ಲೆಲ್ಲ ಇರುವುದು ನಿಜ. 1900 ಸಂಖ್ಯೆಗೆ ಸಂದೇಶ ಕಳುಹಿಸಿ ಸಂಕೇತವನ್ನು ಪಡೆದರೆ ಕೆಲಸ ಆರಂಭವಾಗುತ್ತದೆ. ಆದರೆ ಅದರಿಂದ ಬದಲಾಗುವುದು ಕಂಪನಿಯೇ ಹೊರತು ಒಡೆತನವಲ್ಲ. ಬಿಲ್ಲಿನ ಬಾಕಿಯಿದ್ದರೆ ಆ ಕೋರಿಕೆಯೂ ನಿಲ್ಲುತ್ತದೆ. ಹೆಸರು ಬದಲಾಗಬೇಕಾದರೆ ದಫ್ತರದಲ್ಲಿರುವವರ ಒಪ್ಪಿಗೆ ಬೇಕು. ವೈಮನಸ್ಯವು ಬಲಿತ ಮೇಲೆ ಆ ಒಪ್ಪಿಗೆಯನ್ನು ಬೇಡುವುದು ಎಷ್ಟು ಕಷ್ಟವೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಆದುದರಿಂದ ನಮ್ಮ ಮುಖ್ಯ ಸೂಚನೆಯಿದು: ಉಭಯಸಮ್ಮತಿಯ ಅರ್ಜಿಗೆ ರುಜು ಹಾಕುವ ಮುನ್ನವೇ ನಂಬರಿನ ವಿಷಯವು ಒಪ್ಪಂದದ ಕಾಗದಕ್ಕೇರಲಿ. ಯಾವ ನಂಬರು ಯಾರದು, ಯಾವ ತಾರೀಖಿನೊಳಗೆ ಹೆಸರು ಬದಲಾಗಬೇಕು, ಅಲ್ಲಿಯವರೆಗಿನ ಬಿಲ್ಲನ್ನು ಯಾರು ತೆರತಕ್ಕದ್ದು, ಕಂತಿನ ಮೇಲೆ ಕೊಂಡ ಫೋನಿದ್ದರೆ ಉಳಿದ ಕಂತು ಯಾರ ಪಾಲಿನದು, ಈ ನಾಲ್ಕು ಸಾಲುಗಳು ಸಾಕು. ಬಂಗಾರದ ಬಳೆಯನ್ನು ಪಟ್ಟಿಯಲ್ಲಿ ಬರೆಸುವ ವಕೀಲರು ಇದನ್ನೂ ಬರೆಯಲು ಬೇಸರಿಸಲಾರರು.

ಒಪ್ಪಿಗೆಯು ದೊರೆಯದಿದ್ದರೆ ಹಟ ಬೇಡ. ಮೊದಲು ಸ್ವಂತ ಹೆಸರಿನಲ್ಲಿ ಹೊಸ ಸಿಮ್ಮನ್ನು ಕೊಳ್ಳಬೇಕು. ಹಳೆಯದು ನಡೆಯುತ್ತಿರುವಾಗಲೇ ಬ್ಯಾಂಕಿಗೂ ಆಧಾರ್ ಕೇಂದ್ರಕ್ಕೂ ಹೋಗಿ ನಂಬರನ್ನು ಬದಲಾಯಿಸಬೇಕು. ಉಳಿದ ಕಡೆಗಳದು ಆಮೇಲೆ. ಕುಟುಂಬ ಯೋಜನೆಯಿಂದ ಹೊರಬರುವುದು ಕಡೆಯ ಹೆಜ್ಜೆ. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಏಕೆಂದರೆ ಸ್ಥಗಿತಗೊಂಡ ನಂಬರನ್ನು ಕನಿಷ್ಠ 90 ದಿನಗಳು ಕಳೆದ ಬಳಿಕ ಕಂಪನಿಯು ಅಪರಿಚಿತರಿಗೆ ಕೊಡಬಹುದು. ಬ್ಯಾಂಕಿನ ಗುಪ್ತಸಂಖ್ಯೆ ಆಗ ಅವರಿಗೆ ಹೋಗುತ್ತದೆ.

ಬಿಲ್ಲು ಕಟ್ಟುವವರು ಬಾಕಿ ತೀರಿತೆಂಬ ಬರಹವನ್ನು ಕಂಪನಿಯಿಂದ ಪಡೆದಿಟ್ಟುಕೊಳ್ಳಲಿ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ತೆರೆದ ಸಂಚಾರ್ ಸಾಥಿ ಎಂಬ ತಾಣದಲ್ಲಿ, ನಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂಬುದನ್ನು ನೋಡಿ, ಬೇಡವಾದುದನ್ನು ತಿಳಿಸಬಹುದು. ಬೇರೆಯಾದ ಇಬ್ಬರೂ ಒಮ್ಮೆ ಇದನ್ನು ನೋಡುವುದು ಲೇಸು.

ಒಂದು ಕಡೆ ಮಾತ್ರ ಎರಡು ನಂಬರುಗಳೂ ಒಟ್ಟಿಗೆ ಉಳಿಯಲಿ. ಅದು ಮಗುವಿನ ಶಾಲೆಯ ರಿಜಿಸ್ಟರು. ಬಹುಕಾಲ ಶಾಲೆಯಲ್ಲಿ ಕಳೆದವರಾದ ನಾವು ಬಲ್ಲೆವು: ಮಧ್ಯಾಹ್ನ ಮಗುವಿಗೆ ಜ್ವರ ಬಂದರೆ ಉಪಾಧ್ಯಾಯರು ಕೇಳುವುದು ತೀರ್ಪಿನ ನಕಲನ್ನಲ್ಲ, ಕರೆದೊಡನೆ ಓಗೊಡುವ ಒಂದು ದನಿಯನ್ನು. ಗಂಡಹೆಂಡಿರು ಬೇರೆಯಾಗಬಹುದು, ತಾಯಿತಂದೆಗಳು ಆಗುವಂತಿಲ್ಲ.