ಎಲೆ ಉದುರಿದರೆ ಕಾಡು ಸತ್ತಂತೆಯೇ?

ಮಾರ್ಚ್ ತಿಂಗಳ ಒಂದು ಭಾನುವಾರ. ಐದನೇ ತರಗತಿಯ ಮೊಮ್ಮಗಳಿಗೆ ಆನೆ ತೋರಿಸಲು ಶಿವಮೊಗ್ಗದಿಂದ ಸಕ್ರೆಬೈಲಿಗೆ ಹೊರಟಿದ್ದೆ. ದಾರಿಯಲ್ಲಿ ಒಂದು ಕಡೆ ಹಸಿರು ಅಕೇಶಿಯಾ ನೆಡುತೋಪು, ಇನ್ನೊಂದು ಕಡೆ ಬೋಳು ಮರಗಳು. “ಅಜ್ಜ, ಈ ಕಾಡು ಸತ್ತುಹೋಗಿದೆಯಾ?” ಎಂದಳು.

ಮಕ್ಕಳೇ, ನಿಮಗೂ ಹಾಗೆ ಅನ್ನಿಸಿರಬಹುದು. ನಿಜವಾಗಿ ಆ ಬೋಳು ಕಾಡೇ ನಮ್ಮ ನೆಲದ್ದು. ಅಕೇಶಿಯಾ ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು. ಮನುಷ್ಯರು ಸಾಲಾಗಿ ನೆಟ್ಟದ್ದು. ಶಿವಮೊಗ್ಗದ ಪಕ್ಕದ ಶೆಟ್ಟಿಹಳ್ಳಿ ಅಭಯಾರಣ್ಯದಲ್ಲಿ, ಭದ್ರಾವತಿಯ ಆಚೆಗಿನ ಭದ್ರಾ ಕಾಡಿನಲ್ಲಿ ಮತ್ತಿ, ಹೊನ್ನೆ, ನಂದಿ ಮರಗಳು ಯಾರೂ ನೆಡದೆ ಬೆಳೆದಿವೆ. ಎಲೆಗಳ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತದೆ. ಬೇಸಿಗೆಯಲ್ಲಿ ನೆಲದಲ್ಲಿ ನೀರು ಕಡಿಮೆ. ಸಂಬಳ ಸಾಲದ ತಿಂಗಳು ನಾವು ಖರ್ಚು ಇಳಿಸುವುದಿಲ್ಲವೇ? ಮರವೂ ಹಾಗೆಯೇ ಎಲೆ ಉದುರಿಸಿ ನೀರು ಉಳಿಸುತ್ತದೆ.

ಎಲೆ ಹೋದ ಮೇಲೆ ಹೂವಿನ ಸರದಿ. ಮುತ್ತುಗದ ಕೇಸರಿ ಹೂವು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತದೆ. ಮಕರಂದ ಕುಡಿಯಲು ಬಂದ ಸೂರಕ್ಕಿ, ಮೈನಾಗಳು ಪರಾಗ ಹೊತ್ತು ಹೋಗುತ್ತವೆ. ಬೂರುಗದ್ದು ಐದು ದಪ್ಪ ಎಸಳಿನ ಕೆಂಪು ಹೂವು. ಅದರ ಕಾಯಿ ಬಿರಿದಾಗ ಬೀಜಗಳು ಹತ್ತಿಯ ಜೊತೆ ಗಾಳಿಯಲ್ಲಿ ತೇಲಿಹೋಗುತ್ತವೆ. ಆಮೇಲೆ ಕಕ್ಕೆಯ ಹಳದಿ ಗೊಂಚಲು. ಮಳೆ ಹಿಡಿಯುವ ಹೊತ್ತಿಗೆ ಕೊಂಬೆಗಳ ಮೇಲೆ ಸೀತಾಳೆ ದಂಡೆ ತೂಗುತ್ತದೆ. ಅದನ್ನು ಮುಡಿದ ಕಥೆಯನ್ನು ನಿಮ್ಮ ಅಜ್ಜಿಯನ್ನೇ ಕೇಳಿ.

ನನ್ನದೊಂದು ತಪ್ಪು ಹೇಳುತ್ತೇನೆ. ಬ್ಯಾಂಕಿನ ಕೆಲಸಕ್ಕೆ ಭದ್ರಾವತಿಗೆ ಓಡಾಡುತ್ತಿದ್ದ ವರ್ಷಗಳಲ್ಲಿ ದಿನಾ ಸಂಜೆ ಒಂದು ದೊಡ್ಡ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದೆ. ಬೇಸಿಗೆ ಬಂದರೆ ನನ್ನ ಕೊಡೆಯ ಮೇಲೆ ಕೆಂಪು ಹೂವು ಧೊಪ್ಪೆಂದು ಬೀಳುತ್ತಿತ್ತು. ಸಾವಿರ ಖಾತೆದಾರರ ಹೆಸರು ಬಲ್ಲ ನಾನು ಆ ಮರದ ಹೆಸರು ಕೇಳಲಿಲ್ಲ. ರಸ್ತೆ ಅಗಲವಾಯಿತು, ಮರ ಹೋಯಿತು. ಅದು ಬೂರುಗ ಎಂದು ತಿಳಿದದ್ದು ನಿವೃತ್ತನಾದ ಮೇಲೆ. ಹೆಸರು ಗೊತ್ತಿಲ್ಲದ್ದು ಹೋದರೆ ಕೇಳುವವರೂ ಇರುವುದಿಲ್ಲ.

ಆದ್ದರಿಂದ ಮಕ್ಕಳೇ, ನಿಮ್ಮ ಬೀದಿಯ ಮರಗಳ ಹೆಸರು ತಿಳಿದುಕೊಳ್ಳಿ. ಮೊದಲ ಹೂವು ಬಿಟ್ಟ ದಿನ ಬರೆದಿಡಿ. ಅಭಯಾರಣ್ಯದಲ್ಲಿ ಹೂವು ಕೀಳಬೇಡಿ. ತರಗೆಲೆಗೆ ಬೆಂಕಿ ತಗಲದಂತೆ ದೊಡ್ಡವರನ್ನೂ ಎಚ್ಚರಿಸಿ. ಅದರ ಅಡಿಯಲ್ಲೇ ಮುಂದಿನ ಕಾಡಿನ ಸಸಿಗಳಿರುತ್ತವೆ.

ಅಂದು ಮನೆಗೆ ಬಂದ ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು ಆನೆಯ ಹೆಸರಲ್ಲ, ‘ಮುತ್ತುಗ’.